ಗಂಟಿನ ಮೇಲಿನ ಕಡ್ಡಿ

"ಅತ್ತಿಗೆ, ಈ ಮರಕ್ಕೆ ನೀವೇನಾದ್ರೂ ಕತ್ತರಿ ಹಾಕಿದ್ರಾ?" ಬುಡದ ಬಳಿ ಕುಕ್ಕರಗಾಲಲ್ಲಿ ಕೂತು ಮೈದುನ ಕೇಳಿದ.

"ಹೂಂ, ಪ್ರತಿ ವರ್ಷ ಒಣಕಲು ಕಡ್ಡಿ ತೆಗೀತೀನಿ. ನಾನು ನೆಟ್ರೆ ಕಳೆಗಿಡಾನೂ ಬೆಳೆಯಲ್ಲ ಅಂತಿದ್ರು ನಿಮ್ಮಣ್ಣ. ಈಗ ನೋಡು, ಮಹಡಿ ಮುಟ್ಟಿದೆ."

ಮೈದುನ ನಗಲಿಲ್ಲ. ಅವನು ಬಂದಾಗಲೆಲ್ಲ ಮರದ ತುಂಬ ಎಲೆಯಿರುತ್ತಿತ್ತು. ಈ ಸಲ ಎಲ್ಲ ಉದುರಿಸಿ ಬೋಳಾಗಿ ನಿಂತದ್ದರಿಂದ ಬುಡ ಕಣ್ಣಿಗೆ ಬಿದ್ದಿತ್ತು. ಅಣ್ಣ ತಮ್ಮ ಇಬ್ಬರೂ ಒಂದೇ ನರ್ಸರಿಯಲ್ಲಿ ಕಸಿ ಕಟ್ಟುತ್ತಿದ್ದವರು. ತಿಳಿಗುಲಾಬಿ ಬಣ್ಣದ ಒಂದು ಹೂವಿಗಾಗಿ ಅಣ್ಣ ಹತ್ತು ವರ್ಷ ಒದ್ದಾಡಿದ್ದ. ಕೊನೆಗೆ ಆ ಹೂ ಬಿಟ್ಟ ತಾಯಿಮರ ಒಣಗುವ ಮೊದಲು ಸಿಕ್ಕ ಒಂದೇ ಕಡ್ಡಿಯನ್ನು ಕಾಡುಗಿಡಕ್ಕೆ ಕಸಿ ಕಟ್ಟಿ ಈ ಅಂಗಳದಲ್ಲಿ ನೆಟ್ಟ. ತಿಂಗಳೊಳಗೆ ಎದೆನೋವು ಬಂದು ಹೋಗಿಬಿಟ್ಟ. ನಾಲ್ಕು ವರ್ಷದಿಂದ ಅತ್ತಿಗೆ ಅದರ ಹೂವಿಗಾಗಿಯೇ ಕಾಯುತ್ತಿದ್ದಳು.

"ಏನಾಯ್ತು? ಬಾಯಿ ಬಿಟ್ಟು ಹೇಳು."

ಅವನು ಬುಡದಲ್ಲಿದ್ದ ಕಸಿಯ ಗಂಟು ತೋರಿಸಿದ. "ಅಣ್ಣ ಕಟ್ಟಿದ್ದು ಇದರ ಮೇಲೆ. ನೀವು ಬೆಳೆಸಿರೋದು ಗಂಟಿನ ಕೆಳಗಿಂದ ಬಂದಿದ್ದು, ಅತ್ತಿಗೆ. ಕಾಡುಗಿಡ."

ಅವಳು ಸೊಂಪಾಗಿ ಬಂದದ್ದನ್ನು ಉಳಿಸಿಕೊಂಡು ಸೊರಗಿದ್ದನ್ನು ಕತ್ತರಿಸಿದ್ದಳು.

"ಅವರದ್ದನ್ನ ನಾನೇ ಕತ್ತರಿಸಿ ಬಿಸಾಡಿದೆನಾ?"

ಗಂಟಿನ ಮೇಲೆ ಗೇಣುದ್ದದ ಕಡ್ಡಿಯೊಂದು ಉಳಿದಿತ್ತು. ಮೈದುನ ಅದನ್ನು ಉಗುರಿನಿಂದ ಕೆರೆದ. ತೊಗಟೆಯಡಿ ಹಸಿರಿತ್ತು.

"ಜೀವ ಇದೆ. ಆದ್ರೆ ಇದು ಉಳೀಬೇಕಂದ್ರೆ ದೊಡ್ಡದನ್ನ ಪೂರ್ತಿ ತೆಗೀಬೇಕು. ತೆಗೆದ್ರೂ ಮಾತು ಕೊಡಲ್ಲ ನಾನು, ಎರಡೂ ಹೋಗಬಹುದು. ಹಾಗೇ ಬಿಟ್ರೆ ದೊಡ್ಡದು ಹೂ ಬಿಡುತ್ತೆ. ಬಿಳೀದು, ಅಷ್ಟೇ."

ಅವಳು ತಲೆಯೆತ್ತಿ ಮರ ನೋಡಿದಳು. ಸಂಜೆ ಹೊತ್ತು ಅದರ ಮುಂದೆ ಆಡಿದ ಮಾತು ಒಂದೇ ಎರಡೇ. ಈಗಲೂ ಅದರ ಮೇಲೆ ಕೋಪ ಬರಲಿಲ್ಲ. ಅದೇ ಅವಳಿಗೆ ಕಷ್ಟವಾಯಿತು.

"ಗರಗಸ ತಂದಿದ್ದೀಯಾ?"

"ಗಾಡೀಲಿದೆ. ಯೋಚನೆ ಮಾಡಿ ಅತ್ತಿಗೆ, ನಾಳೆ ಬರ್ತೀನಿ."

"ನಾಳೆ ಅಂದ್ರೆ ನನ್ನ ಕೈಲಿ ಆಗಲ್ಲಪ್ಪ. ತಗೊಂಬಾ."

ಗರಗಸ ಅರ್ಧ ಇಳಿಯುವಾಗ ಮರ ಕಡ್ಡಿಯ ಕಡೆಗೇ ವಾಲತೊಡಗಿತು. "ದೂರ ನಿಲ್ಲಿ," ಎಂದ ಮೈದುನ.

ಅವಳು ಹೋಗಲಿಲ್ಲ. ಕಡ್ಡಿಗೆ ಬೆನ್ನು ಮಾಡಿ ನಿಂತು, ತಾನು ಬೆಳೆಸಿದ ಮರವನ್ನು ಎರಡೂ ತೋಳಿನಿಂದ ತಬ್ಬಿ ಹಿಡಿದಳು.

"ನೀನು ಕೊಯ್ಯಿ," ಎಂದಳು.