ಮುರಿಗೆವ್ವನ ಸೌಟಿನ ಪೆಟ್ಟಿಗೆ

ಕಣ್ಣಿನ ನರ ಒಣಗುತ್ತಿದೆ ಎಂದು ಡಾಕ್ಟರು ಹೇಳಿದ ಮೇಲೆ ಸಂಗಮೇಶ ತಾಯಿ ಮುರಿಗೆವ್ವನನ್ನು ಬಾದಾಮಿ ಕಡೆಯ ಊರಿನಿಂದ ಬಿಟಿಎಂ ಲೇಔಟಿನ ತನ್ನ ಬಾಡಿಗೆ ಮನೆಗೆ ಕರೆತಂದ. ಅದು 2002ನೇ ಇಸವಿ. ಎದುರಿಗಿದ್ದವರ ಆಕಾರ ಅವಳಿಗೆ ತಿಳಿಯುತ್ತಿತ್ತು, ಮುಖ ತಿಳಿಯುತ್ತಿರಲಿಲ್ಲ. ಆದರೂ ಬಂದ ಮರುದಿನವೇ ಅಡುಗೆಮನೆ ಹೊಕ್ಕಳು. ಅಲ್ಲಿ ಸೌಟು, ಚಮಚ, ಲಟ್ಟಣಿಗೆ, ಚಾಕು ಎಲ್ಲವನ್ನೂ ಒಂದೇ ಸ್ಟೀಲ್ ಡಬ್ಬದಲ್ಲಿ ತುರುಕಿಟ್ಟಿದ್ದರು. ಒಂದು ದಿನ ಅವಳು ಸೌಟೆಂದುಕೊಂಡು ಚಾಕುವಿನ ಅಲಗಿಗೆ ಕೈ ಹಾಕಿದಳು. ಅಂಗೈಗೆ ಹೊಲಿಗೆ ಬಿತ್ತು. ಇನ್ನು ಒಲೆಯ ಹತ್ತಿರ ಸುಳಿಯಬೇಡ ಎಂದು ಸಂಗಮೇಶ ಹೇಳಿಬಿಟ್ಟ.

ಊರಿನ ಮದುವೆಗಳಲ್ಲಿ ಅಡುಗೆಯ ಉಸ್ತುವಾರಿ ನೋಡುತ್ತಿದ್ದ ಹೆಂಗಸು ಈಗ ಚಹಾ ಬೇಕಾದರೂ ಸೊಸೆ ಮಧುಮತಿ ಜಯನಗರದ ಆಫೀಸಿನಿಂದ ಬರುವವರೆಗೆ ಚಾಪೆಯ ಮೇಲೆ ಕುಳಿತು ಕಾಯಬೇಕಾಯಿತು. ಊಟ ಕಡಿಮೆಯಾಯಿತು, ಮಾತೂ ಕಡಿಮೆಯಾಯಿತು. ಮಧುಮತಿಗೆ ಅದನ್ನು ನೋಡಲಾಗಲಿಲ್ಲ.

ಗೋಡೆಗೆ ಸಾಲಾಗಿ ಮೊಳೆ ಹೊಡೆದು ಸೌಟುಗಳನ್ನು ನೇತುಹಾಕೋಣವೆಂದರೆ ಮನೆ ಮಾಲೀಕ ತಿಮ್ಮರಾಯಪ್ಪ ಒಪ್ಪಲಿಲ್ಲ. ಆದರೆ ತಾರಸಿಯಲ್ಲಿ ಬಿದ್ದಿದ್ದ ಹಲಗೆಗಳನ್ನು ಬೇಕಾದರೆ ಬಳಸಿಕೋ ಎಂದು ಹೇಳಿ ತನ್ನ ಗರಗಸವನ್ನೂ ಕೊಟ್ಟ. ಹುಟ್ಟಿದಾಗಿನಿಂದ ಗರಗಸ ಮುಟ್ಟದ ಮಧುಮತಿ ಭಾನುವಾರ ಬಿಸಿಲಿಗೆ ಕುಳಿತು ಹಲಗೆ ಕೊಯ್ದಳು. ಖಾನೆಗಳಿರುವ ಒಂದು ಪೆಟ್ಟಿಗೆ ಹೇಗೋ ಆಯಿತು. ಅಡುಗೆಕಟ್ಟೆಯ ಮೇಲಿಟ್ಟು ಸೌಟುಗಳನ್ನು ನಿಲ್ಲಿಸಿದ್ದೇ ತಡ, ತಲೆಭಾರಕ್ಕೆ ವಾಲಿ ಪೆಟ್ಟಿಗೆ ಸಮೇತ ಎಲ್ಲವೂ ನೆಲಕ್ಕೆ ಬಿದ್ದವು.

ಸದ್ದು ಕೇಳಿ ಮುರಿಗೆವ್ವ ಗೋಡೆ ಹಿಡಿದುಕೊಂಡು ಬಂದಳು. ಸೊಸೆ ನಡೆದದ್ದನ್ನು ಹೇಳಿದಾಗ ಕೆಳಗೆ ಕುಳಿತು ಪೆಟ್ಟಿಗೆಯನ್ನು ಎಲ್ಲ ಕಡೆಯಿಂದ ತಡವಿದಳು.

"ತಳ ಸಣ್ಣದಾಗೇದ. ಇದರ ಬುಡಕ ಅಗಲನ ದಪ್ಪ ಹಲಗಿ ಬಡಿ," ಎಂದಳು. ಖಾನೆಗಳೊಳಗೆ ಬೆರಳಾಡಿಸಿ ಕೇಳಿದಳು: "ಯಾವ ಖಾನಿಯೊಳಗ ಏನೈತಿ ಅಂತ ನನಗ ಹೆಂಗ ತಿಳೀಬೇಕು?"

ಅದಕ್ಕೆ ಇಬ್ಬರೂ ಸೇರಿ ದಾರಿ ಹುಡುಕಿದರು. ಸಾರಿನ ಸೌಟಿನ ಖಾನೆಯ ಅಂಚನ್ನು ನುಣ್ಣಗೆ ಬಿಟ್ಟರು. ಜಾಲರಿ ಸೌಟಿನ ಖಾನೆಗೆ ಗರಗಸದಿಂದ ಹಲ್ಲುಹಲ್ಲಾಗಿ ಗೀರಿದರು. ದೋಸೆ ಮಗುಚುವ ಕೈಯ ಖಾನೆಗೆ ಹೆಬ್ಬೆರಳು ಕೂರುವಷ್ಟು ತಗ್ಗು ಮಾಡಿದರು. ಚಾಕುವಿಗೆ ತುದಿಯಲ್ಲಿ ಬೇರೆಯೇ ಒಂದು ಸೀಳು; ಅಲಗು ಒಳಗೆ, ಹಿಡಿ ಮೇಲೆ. ಉಪ್ಪು ಕಾಗದದಿಂದ ಮರವನ್ನು ಉಜ್ಜಿ ನುಣುಪಾಗಿಸುವ ಕೆಲಸವನ್ನು ಮುರಿಗೆವ್ವ ಯಾರಿಗೂ ಬಿಡಲಿಲ್ಲ. ಸಿಬಿರು ಉಳಿದ ಜಾಗ ಸೊಸೆಯ ಕಣ್ಣಿಗಿಂತ ಮೊದಲು ಅವಳ ಬೆರಳಿಗೆ ಸಿಗುತ್ತಿತ್ತು. ಬುಡಕ್ಕೆ ಅಗಲ ಹಲಗೆ ಬಡಿದ ಪೆಟ್ಟಿಗೆಯನ್ನು ಈ ಸಲ ಬೇಕೆಂದೇ ನೂಕಿ ನೋಡಿದರು. ಅದು ಅಲುಗಲಿಲ್ಲ.

ಒಂದು ವಾರ, ದಿನವೂ ಸಂಗಮೇಶ ಮನೆಯಲ್ಲಿಲ್ಲದ ಹೊತ್ತಿನಲ್ಲಿ ಅತ್ತೆ ಅಡುಗೆಯ ಅಭ್ಯಾಸ ಮಾಡಿದಳು, ಸೊಸೆ ಪಕ್ಕದಲ್ಲಿ ನಿಂತಿದ್ದಳು.

ಮುಂದಿನ ಭಾನುವಾರ ಸಂಜೆ ಬೊಮ್ಮನಹಳ್ಳಿಯಿಂದ ಮರಳಿದ ಸಂಗಮೇಶ ಒಳಗೆ ಕಾಲಿಟ್ಟಾಗ ಮನೆತುಂಬ ಮೆಣಸಿನಕಾಯಿ ಬಜ್ಜಿಯ ವಾಸನೆ. ಕಾದ ಎಣ್ಣೆಯ ಮುಂದೆ ತಾಯಿ ನಿಂತಿದ್ದಳು. ಅವನು ಮುನ್ನುಗ್ಗುವಷ್ಟರಲ್ಲಿ ಮಧುಮತಿ ಅವನ ಕೈ ಹಿಡಿದು, ಸುಮ್ಮನೆ ನೋಡುವಂತೆ ಸನ್ನೆ ಮಾಡಿದಳು. ಮುರಿಗೆವ್ವ ಕಿವಿಗೊಟ್ಟು ಎಣ್ಣೆಯ ಸದ್ದು ಇಳಿಯುವವರೆಗೆ ಕಾದಳು. ಬೆರಳುಗಳು ಪೆಟ್ಟಿಗೆಯ ಅಂಚಿನ ಮೇಲೆ ಹರಿದು ಹಲ್ಲುಗಳ ಬಳಿ ನಿಂತವು. ಜಾಲರಿ ಸೌಟು ಕೈಗೆ ಬಂತು. ಹೊಂಬಣ್ಣದ ಬಜ್ಜಿಗಳು ಒಂದೂ ಮುರಿಯದೆ ಮೇಲೆ ಬಂದವು.

"ಯಾರು, ಸಂಗಮೇಶನೇನು?" ಎಂದಳು ತಿರುಗದೆ. "ಹಂಗ್ಯಾಕ ನಿಂತಿ? ತಾಟು ತಗೊಂಡು ಬಾ."

ಸಂಗಮೇಶ ಹೋಗಿ ತಾಟು ತಂದು ತಾಯಿಯ ಮುಂದೆ ಹಿಡಿದ.

ಮಹಡಿಯಲ್ಲಿದ್ದ ಮಾಲೀಕರ ಮನೆಗೂ ಒಂದು ತಟ್ಟೆ ಬಜ್ಜಿ ಹೋಯಿತು. ತಿಮ್ಮರಾಯಪ್ಪನ ಹೆಂಡತಿ ಲಕ್ಷ್ಮಮ್ಮ ಖಾಲಿ ತಟ್ಟೆ ಹಿಂತಿರುಗಿಸಲು ಬಂದವಳು ಪೆಟ್ಟಿಗೆಯನ್ನು ಕಂಡು ಅಲ್ಲೇ ನಿಂತಳು.

"ಇದ್ಯಾವ ಅಂಗಡೀದು? ನಂಗೂ ಒಂದು ತರಿಸ್ಕೊಡಮ್ಮ ಮಧುಮತಿ."

ಮಧುಮತಿ ಬಾಯಿ ತೆರೆಯುವ ಮೊದಲೇ ಮುರಿಗೆವ್ವ ಉತ್ತರ ಕೊಟ್ಟಳು. "ಅಂಗಡ್ಯಾಗ ಸಿಗೂದಿಲ್ಲವ್ವಾ ಇದು. ನಾವಿಬ್ಬರೂ ಕೂಡಿ ಮಾಡೇವಿ."

ಮರುದಿನ ಬೆಳಿಗ್ಗೆ ಉಪ್ಪಿಟ್ಟಿನ ಒಗ್ಗರಣೆಯ ಸದ್ದಿಗೆ ಸಂಗಮೇಶನಿಗೆ ಎಚ್ಚರವಾಯಿತು. ಅವನು ಆಫೀಸಿಗೆ ಹೊರಟಾಗ ತಾಯಿ ಅಡುಗೆಮನೆಯಿಂದಲೇ ಕೂಗಿ, ಬರುವಾಗ ಎಣ್ಣೆಗಾಯಿಗೆ ಎಳೆಯ ಬದನೆಕಾಯಿ ತಾ, ಹೋದ ಸಲದಂತೆ ಬಲಿತದ್ದು ತಂದರೆ ವಾಪಸ್ ಕಳಿಸುತ್ತೇನೆ ಎಂದು ಹೇಳಿದಳು.