ಅಕ್ಕನ ಪ್ರೋಗ್ರಾಮು

ಕೀಲಿಮಣೆಯ ಸಂದಿಯಲ್ಲಿ ರಬ್ಬರಿನ ಪುಡಿ ಸಿಕ್ಕಿಕೊಂಡಿದೆ, ಊದಿದರೂ ಹೋಗುವುದಿಲ್ಲ, ಇರಲಿ — ಪರದೆಯ ಕಪ್ಪು ಕಿಟಕಿಯಲ್ಲಿ ಬಿಳಿ ಅಕ್ಷರಗಳು ಸಾಲುಗಟ್ಟಿ ನಿಂತಿವೆ, ಕೊನಿಯೋ ಡಾಟ್ ಹೆಚ್, ಅಂಥ ಫೈಲೇ ಇಲ್ಲ ಎನ್ನುತ್ತಿದೆ ಯಂತ್ರ, ಇಲ್ಲದಿದ್ದರೆ ಇಲ್ಲ, ಅದಕ್ಕೇಕೆ ಇಷ್ಟು ಕೆಂಪು ಬಣ್ಣ, ಅವಳು ಆ ಸಾಲನ್ನು ಪಕ್ಕದ ಮನೆಯ ಜಗಳ ಕೇಳಿಸಿಕೊಳ್ಳುವಂತೆ ಓದಿದಳು. ನಾಳೆ ಬೆಳಿಗ್ಗೆ ಹನ್ನೊಂದು ಮಕ್ಕಳಿಗೆ ಗಣಿತದ ಪರೀಕ್ಷೆ, ಹನ್ನೊಂದು ಮಕ್ಕಳೂ ಕಣ್ಣು ಕಾಣದವರು, ಪ್ರಶ್ನೆಪತ್ರಿಕೆ ಬ್ರೈಲಿನಲ್ಲಿ ಬೇಕು, ಅಕ್ಷರವನ್ನು ಚುಕ್ಕಿ ಮಾಡುವ ತಂತ್ರಾಂಶ ಅವಧಿ ಮುಗಿಯಿತೆಂದು ಬೆಳಿಗ್ಗೆ ಬಾಗಿಲು ಹಾಕಿಕೊಂಡು ಕೂತಿದೆ, ಹೆಡ್‌ಮೇಡಂ ಬಂದು ಏನಾದ್ರೂ ಮಾಡಮ್ಮ ಎಂದು ಹೇಳಿ ಹೋದರು. ಏನಾದರೂ ಎಂದರೆ ಈ ಶಾಲೆಯ ಮುದ್ರಣ ಕೋಣೆಯಲ್ಲಿ ಉಳಿದಿರುವುದು ಒಂದೇ, ಅಕ್ಕ ಇಲ್ಲಿ ಕೆಲಸದಲ್ಲಿದ್ದಾಗ ಬರೆದ ಹಳೆಯ ಪ್ರೋಗ್ರಾಮು, ಅದನ್ನು ಹೊಸ ಯಂತ್ರದಲ್ಲಿ ಓಡುವಂತೆ ಮಾಡಲು ಬಿಟ್ಟಿ ಸಿಗುವ ಕಂಪೈಲರು, ಜಿಸಿಸಿ, ಮೂರೇ ಅಕ್ಷರ, ಗುಂಡಿಯಿಲ್ಲ ಚಿತ್ರವಿಲ್ಲ, ಕಮಾಂಡು ಬರೆದು ಎಂಟರ್ ಒತ್ತುವುದು, ಬೈಸಿಕೊಳ್ಳುವುದು. ಕೊನಿಯೋ ಸಾಲನ್ನು ಅಳಿಸಿದಳು, ಪರದೆ ಒರೆಸು ಎನ್ನುವ ಸಾಲುಗಳನ್ನೂ ಅಳಿಸಿದಳು, ಎಂಟರ್, ಇನ್ನೆರಡು ಬೈಗುಳ, ಎಂಟರ್, ಈಗ ಬರೀ ಗೊಣಗಾಟ, ಎಂಟರ್ — ಏನೂ ಇಲ್ಲ. ಮೌನವೆಂದರೆ ಒಪ್ಪಿದೆ ಎಂದರ್ಥ, ಇದು ಅಕ್ಕನೇ ಹೇಳಿಕೊಟ್ಟದ್ದು, ಈ ಕಿಟಕಿ ನಮ್ಮಪ್ಪನ ಥರ ಕಣೇ, ಸರಿಯಿದ್ರೆ ಮಾತಾಡಲ್ಲ.

ಡಾಟ್, ಓರೆಗೆರೆ, ಎ ಡಾಟ್ ಔಟ್, ಓಡು, ಓಡಲಿಲ್ಲ, ಸೆಗ್ಮೆಂಟೇಶನ್ ಫಾಲ್ಟ್ ಎಂದು ಒಂದು ಮಾತು ಆಡಿ ಬಿದ್ದುಬಿಟ್ಟಿತು, ಇನ್ನೊಮ್ಮೆ, ಇನ್ನೊಮ್ಮೆ, ಗೋಡೆ ಗಡಿಯಾರದಲ್ಲಿ ಮೂರೂವರೆ. ಆರು ವರ್ಷದಿಂದ ಒತ್ತದ ಅಕ್ಕನ ನಂಬರು ಬೆರಳಿಗೆ ನೆನಪಿತ್ತು. ಹಲೋ. ನಾನು. ಗೊತ್ತಾಯ್ತು, ಹೇಳು. ಅಕ್ಕನ ಹಿಂದೆ ಲೋಹದ ಸದ್ದು, ಅವಳೀಗ ತಕ್ಕಡಿ ಮಾಡುವ ಕಾರ್ಖಾನೆಯಲ್ಲಿದ್ದಾಳೆಂದು ಯಾರೋ ಹೇಳಿದ್ದರು, ಚೆನ್ನಾಗಿದ್ದೀಯಾ ಎಂದು ಕೇಳಬೇಕಿತ್ತು, ಕೇಳಿದ್ದು ಫಾಲ್ಟಿನ ವಿಷಯ. ಅಕ್ಕ ಕೇಳಿದಳು, ಅಕ್ಷರಕ್ಕೆ ಚುಕ್ಕಿ ಹೊಂದಿಸೋ ಟೇಬಲ್ ಅನ್ನೋ ಫೈಲ್ ಪಕ್ಕದಲ್ಲೇ ಇದೆಯಾ, ಹೆಸರು ಹೇಗಿದೆ, ಸಣ್ಣಕ್ಷರದಲ್ಲಾ, ಪ್ರೋಗ್ರಾಮು ದೊಡ್ಡಕ್ಷರದಲ್ಲಿ ಕೂಗ್ತಿದೆ, ಹಳೇ ಯಂತ್ರಕ್ಕೆ ಎರಡೂ ಒಂದೇ, ಇದಕ್ಕೆ ಬೇರೆ, ಹೆಸರು ಬದಲಾಯಿಸು. ಬದಲಾಯಿಸಿದಳು. ಈಗ ಮಾತಿಲ್ಲದೆ ಕಾಯುತ್ತಿದೆ ಕಿಟಕಿ, ಅಕ್ಷರ ಕೊಡು ಎಂದು. ಹಾಗಾದರೆ ನಾಳೆಯ ಪೇಪರು ಕೊಡ್ಲಾ, ಎಂದಳು ಇವಳು. ಮೊದ್ಲು ಹಳೇದೊಂದು ಕೊಟ್ಟು ನೋಡು, ಎಂದಳು ಅಕ್ಕ, ಆ ಫೋಲ್ಡರಲ್ಲೇ ಇರತ್ತೆ, ಆ ವರ್ಷದ್ದು.

ಆ ವರ್ಷದ್ದು. ಅವಳು ಫೋನನ್ನು ಮೇಜಿನ ಮೇಲೆ ಅಂಗಾತ ಇಟ್ಟಳು. ಆ ವರ್ಷ ಏಳನೆಯ ಪ್ರಶ್ನೆಯಲ್ಲಿ ಮೈನಸ್ಸು ಬಿದ್ದುಹೋಗಿತ್ತು, ಪತ್ರಿಕೆ ಗುಟ್ಟಿನದಾದ್ದರಿಂದ ಮುಂಚೆ ಯಾರಿಗೂ ಓದಿಸಿರಲಿಲ್ಲ, ಒಂಬತ್ತು ಮಕ್ಕಳು ಲೆಕ್ಕ ತಪ್ಪಿದರು, ಒಬ್ಬ ಹುಡುಗಿ ಪಾಸಾಗಲೇ ಇಲ್ಲ, ಹೆಡ್‌ಮೇಡಂ ಇಬ್ಬರನ್ನೂ ನಿಲ್ಲಿಸಿ ಇದು ಯಾರ ಕೆಲಸ ಎಂದರು, ಅವಳು ಹೇಳಿದಳು, ಪ್ರೋಗ್ರಾಮು ಅಕ್ಕಂದು. ಸುಳ್ಳಲ್ಲ, ಪ್ರೋಗ್ರಾಮು ಅಕ್ಕನದೇ. ಫೈಲ್ ತೆಗೆದು ನೋಡಿಬಿಡೋಣ ಮೇಡಂ ಎಂದಳು ಅಕ್ಕ, ಬೇಡಮ್ಮ, ಇನ್ನು ನೋಡಿ ಏನಾಗಬೇಕು, ಎಂದರು ಮೇಡಂ, ಅಕ್ಕ ಇವಳ ಕಡೆ ತಿರುಗಿದಳು, ಇವಳು ಕಿಟಕಿಯಾಚೆ ಒಣಗುತ್ತಿದ್ದ ಮಕ್ಕಳ ಸಮವಸ್ತ್ರ ಎಣಿಸುತ್ತಿದ್ದಳು, ಹದಿನಾಲ್ಕು ಅಂಗಿ, ಆ ವಾರವೇ ಅಕ್ಕ ಕೆಲಸ ಬಿಟ್ಟಳು.

ಎಂಟರ್. ಚುಕ್ಕಿ ಕುಟ್ಟುವ ಯಂತ್ರ ಟಕಟಕ ಎಂದಿತು, ದಪ್ಪ ಹಾಳೆ ಹೊರಬಂತು, ಪಕ್ಕದ ಮೇಜಿನ ಮೇಷ್ಟ್ರು ಕೈಚಾಚಿದರು, ಕಣ್ಣಿಲ್ಲದ ಮೇಷ್ಟ್ರು, ಕರಡು ತಿದ್ದುವವರು, ಶಾಲೆಯಲ್ಲಿ ಎಲ್ಲರಿಗೂ ಅವರು ಬೆರಳು ಮೇಷ್ಟ್ರು. ಏಳನೇದು ಓದಿ ಮೇಷ್ಟ್ರೇ. ಎಕ್ಸ್ ಮೂರು ಸಮ ಐದು, ಎಂದರು, ಇದೇನಮ್ಮ, ಎಕ್ಸಿಗೂ ಮೂರಕ್ಕೂ ನಡುವೆ ಏನೂ ಇಲ್ವಲ್ಲ. ಪರದೆಯ ಮೇಲೆ ಇದೆ, ಗೆರೆ ಕಾಣುತ್ತಿದೆ, ಬಗ್ಗಿ ನೋಡಿದಳು, ಗೆರೆ ಕೂದಲೆಳೆಯಷ್ಟು ಉದ್ದ ಹೆಚ್ಚು, ಹತ್ತಿರ ಹೋದರೆ ಮಾತ್ರ ಗೊತ್ತಾಗುತ್ತದೆ, ಇದು ಮೈನಸ್ಸಲ್ಲ, ಗಣಿತದ ಟೀಚರ್ ಕಳಿಸಿದ ಕಡತದಿಂದ ಹಾಗೇ ಎತ್ತಿ ಅಂಟಿಸಿದ್ದು, ಅಲ್ಲಿ ಸಣ್ಣ ಗೆರೆ ತಾನಾಗಿ ಉದ್ದವಾಗುತ್ತದೆ, ಪ್ರೋಗ್ರಾಮಿಗೆ ಅದರ ಗುರುತಿಲ್ಲ, ಬಿಟ್ಟು ಮುಂದೆ ಹೋಗುತ್ತದೆ — ಅಂಟಿಸಬೇಡ, ಕೈಯಲ್ಲೇ ಹೊಡಿ ಎಂದಿದ್ದಳು ಅಕ್ಕ, ಎಷ್ಟು ಸಲ, ಆ ದಿನ ಇವಳಿಗೆ ಬೇಗ ಮನೆಗೆ ಹೋಗಬೇಕಿತ್ತು, ಯಾತಕ್ಕೆ ಎಂಬುದು ಈಗ ಮರೆತೇಹೋಗಿದೆ.

ಗೆರೆ ಅಳಿಸಿದಳು, ಕೀಲಿ ಒತ್ತಿದಳು, ಎಂಟರ್, ಟಕಟಕ, ಹಾಳೆ.

ಎಕ್ಸ್, ಎಂದರು ಮೇಷ್ಟ್ರು, ಮೈನಸ್, ಮೂರು. ಬಂತು ನೋಡು. ಮೇಜಿನ ಮೇಲಿನ ಫೋನಿನಿಂದ ಅಕ್ಕ, ಬಂತಾ. ಬಂತು. ಏನೂ ತಿದ್ದದೆ ಬಂತಾ. ಅವಳು ಫೋನಿನ ಕಡೆ ಬಾಗಿದಳು, ಅಕ್ಕಾ, ಅಂಟಿಸಿದ್ದು ನಾನು. ತಕ್ಕಡಿಯ ಕಾರ್ಖಾನೆಯಲ್ಲಿ ಏನೋ ಕೆಳಗಿಟ್ಟ ಸದ್ದು. ಗೊತ್ತು ಕಣೇ, ಎಂದಳು ಅಕ್ಕ, ಅವತ್ತೇ ಮನೇಲಿ ಓಡಿಸಿ ನೋಡಿದ್ದೆ, ನೀನೇ ಹೇಳ್ತೀಯ ಅಂದ್ಕೊಂಡಿದ್ದೆ. ಆಮೇಲೆ, ನಾಳೇದು ಕೈಯಲ್ಲೇ ಹೊಡಿ, ನಾನು ಲೈನಲ್ಲಿರ್ತೀನಿ, ಎಂದಳು, ಆ ದನಿಯಲ್ಲಿ ಸಿಟ್ಟಿತ್ತೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ, ಮೇಡಂಗೆ ಈಗಲೇ ಹೋಗಿ ಹೇಳಬೇಕೋ, ಪತ್ರಿಕೆ ಮುಗಿಸಿ ಹೇಳಬೇಕೋ, ಆ ಹುಡುಗಿ ಈಗ ಎಲ್ಲಿದ್ದಾಳೋ, ಇಪ್ಪತ್ತು ದಾಟಿರಬಹುದು, ಮೊದಲ ಪ್ರಶ್ನೆ ಹೊಡೆಯಬೇಕು, ಮೇಷ್ಟ್ರ ಬೆರಳು ಆ ಜಾಗ ಬಿಟ್ಟು ಮುಂದೆ ಹೋಗಿಲ್ಲ, ಮೂರರ ತನಕ ಹೋಗುತ್ತದೆ, ಹಿಂದೆ ಬರುತ್ತದೆ, ಅದೇ ಮೈನಸ್ಸು, ಕೆಳಸಾಲಿನಲ್ಲಿ ಅಕ್ಕಪಕ್ಕ ಎರಡು ಚುಕ್ಕಿ, ಬೆರಳ ತುದಿ, ಎರಡು ಚುಕ್ಕಿ, ಹಿಂದೆ ಬರುತ್ತದೆ, ಎರಡು ಚುಕ್ಕಿ