ಬಾಯಿಗೆ ಎಣ್ಣೆ ಬಳಿದವರು

ನಾನು ದೋಣಿ ಇಂಜಿನ್ನಿನ ಒಂದು ಜೊತೆ ಪಾಯಿಂಟು. ಹೆಸರು ಕೇಳಿಲ್ಲವೇ? ಕೇಳಿರಲಿಕ್ಕಿಲ್ಲ ಬಿಡಿ. ಪ್ಲಗ್ಗು ಅಂದರೆ ಎಲ್ಲರಿಗೂ ಗೊತ್ತು. ಅದು ಹೊರಗೆ ತಲೆಯೆತ್ತಿಕೊಂಡು ಮೆರೆಯುತ್ತದೆ. ನಾನಿರುವುದು ಮೇಲಿನ ಗಾಲಿಯ ಅಡಿಯಲ್ಲಿ, ಕತ್ತಲೆಯಲ್ಲಿ. ಮೆಣಸಿನ ಕಾಳಿನಷ್ಟು ಸಣ್ಣ ಎರಡು ಲೋಹದ ತುಟಿಗಳು ನನಗೆ. ಗಾಲಿ ತಿರುಗಿದಂತೆ ಅವು ಮುಚ್ಚಿ ತೆರೆಯುತ್ತವೆ, ತೆರೆದ ಕ್ಷಣಕ್ಕೆ ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುತ್ತದೆ. ದುಡಿಮೆ ನನ್ನದು, ಹೆಸರು ಅದರದ್ದು.

ಯಾವುದೋ ದೂರದ ಕಾರ್ಖಾನೆಯಲ್ಲಿ ಹುಟ್ಟಿ, ಗಂಗೊಳ್ಳಿಯ ಅಂಗಡಿಯೊಂದರಲ್ಲಿ ಎರಡು ವರ್ಷ ಧೂಳು ತಿಂದೆ. ಅಲ್ಲಿಂದ ನನ್ನನ್ನು ಕೊಂಡೊಯ್ದವನು ಹೆರಿಯಣ್ಣ. ಹೊಳೆಯ ನಡುವಿನ ಕುದ್ರುವಿನಲ್ಲಿ, ಆ ಪುಟ್ಟ ದ್ವೀಪದಲ್ಲಿ, ಅವನ ಮನೆ. ಅಲ್ಲಿನ ಮೂವತ್ತು ಮನೆಯವರನ್ನು ದಿನವೂ ದಡಕ್ಕೆ ದಾಟಿಸುವ ಕಡವಿನ ದೋಣಿ ಅವನದು. ಬಲ ಹೆಗಲಿನ ಮೂಳೆ ಮುರಿದ ಮೇಲೆ ಅವನಿಗೆ ಹುಟ್ಟು ಹಾಕಲಾಗುತ್ತಿರಲಿಲ್ಲ. ಇಂಜಿನ್ನು ಇದ್ದರೆ ಕಡವು, ಇಲ್ಲದಿದ್ದರೆ ಇಲ್ಲ.

ಮನುಷ್ಯ ಒಳ್ಳೆಯವನೇ. ಆದರೆ ಭಕ್ತಿ ಜಾಸ್ತಿ. ಒಂದು ಆಯುಧ ಪೂಜೆಯ ದಿನ ಇಂಜಿನ್ನನ್ನು ತೊಳೆದು, ಕುಂಕುಮವಿಟ್ಟು, ಸೇವಂತಿಗೆ ಮುಡಿಸಿದ. ಅಷ್ಟಕ್ಕೆ ನಿಲ್ಲಬಾರದೇ? ಹತ್ತಿಯ ಬತ್ತಿಯನ್ನು ತೆಂಗಿನೆಣ್ಣೆಯಲ್ಲಿ ಅದ್ದಿ, ಗಾಲಿಯ ಕಿಂಡಿಯೊಳಗೆ ತೂರಿಸಿ, ನನ್ನ ಬಾಯಿಗೇ ಬಳಿದ! ನನಗೆ ಬೇಕಾದದ್ದು ಹಿಂದೆ ಗಾಲಿಯ ದಂಡ ಉಜ್ಜುವ ಜಾಗಕ್ಕೆ ಚೂರು ಗ್ರೀಸು. ತುಟಿಗೆ ಎಣ್ಣೆ ಬಿದ್ದರೆ ಕರೆಂಟು ದಾಟದು, ನನ್ನ ಕತೆ ಮುಗಿಯಿತು.

ಮರುದಿನ ಬೆಳಿಗ್ಗೆ ದೋಣಿ ತುಂಬ ಜನ. ಹೆರಿಯಣ್ಣ ಹಗ್ಗ ಎಳೆದ. ಮತ್ತೆ ಎಳೆದ. ಇಂಜಿನ್ನು ಕೆಮ್ಮಲೂ ಇಲ್ಲ. ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಹೊಸ ಪ್ಲಗ್ಗು ತಂದರು. ಸೀಮೆಎಣ್ಣೆಯಲ್ಲಿ ನೀರು ಸೇರಿದೆ ಎಂದು ಅದನ್ನು ಚೆಲ್ಲಿದರು. ಕಾರ್ಬೊರೇಟರನ್ನು ಬಿಚ್ಚಿ ಬಾಯಿಯಿಂದ ಊದಿದರು. ಪೇಟೆಯ ಮೆಕ್ಯಾನಿಕ್ಕು ಬಂದ, ಒಂದು ಗ್ಲಾಸು ಚಾ ಕುಡಿದ, "ಇದ್ರ ಆಯುಷ್ಯ ಮುಗೀತ್" ಎಂದು ಎದ್ದು ಹೋದ. ಗಾಲಿಯ ಕಿಂಡಿಗೆ ಬಗ್ಗಿ ನೋಡಲು ಇವರಿಗೇನು ಧಾಡಿಯಾಗಿತ್ತು?

ಮೂರನೆಯ ದಿನ ಕುದ್ರುವಿನ ಹಿರಿಯ ಶೀನ ಪೂಜಾರಿ ಬಂದು, ಭಾನುವಾರದೊಳಗೆ ದೋಣಿ ಹೊರಡದಿದ್ದರೆ ಕಡವನ್ನು ಬೇರೆಯವರಿಗೆ ಕೊಡುವುದಾಗಿ ಹೇಳಿದ. ಹೆರಿಯಣ್ಣ ದೋಣಿಯ ಅಂಚಿನಲ್ಲಿ ತಲೆಯ ಮೇಲೆ ಕೈಹೊತ್ತು ಕೂತ.

ಆಗ ಬಂದವಳು ಅವನ ಹೆಂಡತಿ ಮುತ್ತಕ್ಕ. ಇಂಜಿನ್ನು ಬಿಚ್ಚಿದಾಗಲೆಲ್ಲ ಬೋಲ್ಟುಗಳನ್ನು ಸೆರಗಿನಲ್ಲಿ ಹಿಡಿದು ಎಲ್ಲವನ್ನೂ ನೋಡುತ್ತ ಕೂರುತ್ತಿದ್ದವಳು. ಅವಳನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ, ನನ್ನ ಹಾಗೆಯೇ. ಅವಳು ಪ್ಲಗ್ಗನ್ನು ಕಳಚಿ, ವಯರಿಗೆ ಸಿಕ್ಕಿಸಿ, ಇಂಜಿನ್ನಿನ ಮೈಗೆ ತಾಗಿಸಿಟ್ಟು ಹಗ್ಗ ಎಳೆದಳು.

"ಹ್ವಾಯ್, ಕಿಡಿಯೇ ಬತ್ತಿಲ್ಲೆ ಕಾಣಿ. ಪೂಜಿ ದಿನ ಆ ಬತ್ತಿ ಎಲ್ಲಿಗ್ ಹಾಕಿದ್ರಿ?"

"ಒಳ್ಗೆ."

"ಒಳ್ಗೆ ಎಂತಕ್ಕೆ?"

"ಹೊರ್ಗಿದ್ದದ್ದಕ್ಕೆ ಮಾತ್ರ ಪೂಜಿ ಮಾಡ್ರೆ, ಒಳ್ಗಿದ್ದದ್ದ್ ಎಂತ ಪಾಪ ಮಾಡಿತ್?"

ಮುತ್ತಕ್ಕ ಹಣೆ ಚಚ್ಚಿಕೊಂಡಳು. ಯಾರದೋ ಮದುವೆಯ ಕರೆಯ ಕಾಗದವೊಂದನ್ನು ಸಣ್ಣಗೆ ಕತ್ತರಿಸಿ, ಸ್ಟಾರ್ಟು ಮಾಡಲು ಇಟ್ಟಿದ್ದ ಪೆಟ್ರೋಲಿನಲ್ಲಿ ಅದ್ದಿ, ನನ್ನ ತುಟಿಗಳ ನಡುವೆ ಎಳೆದಳು. ಬಳಿಕ ಒಣ ಕಾಗದದಲ್ಲಿ ಇನ್ನೊಮ್ಮೆ. ಪ್ಲಗ್ಗನ್ನು ಮತ್ತೆ ಕೂರಿಸಿ ಹಗ್ಗ ಹಿಡಿದಳು. ಎರಡನೆಯ ಎಳೆತಕ್ಕೆ ಇಂಜಿನ್ನು ಗುಡುಗಿತು. ಹೆರಿಯಣ್ಣ ಅತ್ತೇಬಿಟ್ಟ.

ಸರಿ, ಇಲ್ಲಿಯವರೆಗೆ ಕ್ಷಮಿಸುತ್ತಿದ್ದೆ. ಆದರೆ ಆ ಸಂಜೆ ಶೀನ ಪೂಜಾರಿ, "ಯಾರ್ ಸರಿ ಮಾಡದ್ದ್?" ಎಂದು ಕೇಳಿದಾಗ ಹೆರಿಯಣ್ಣ ಏನೆಂದ ಗೊತ್ತೇ?

"ನಾನೇ. ಹಳೇ ಕೈ ಅಲ್ದಾ?"

ಮುತ್ತಕ್ಕ ದೋಣಿಯ ಮೂತಿಯಲ್ಲಿ ಬುಟ್ಟಿ ಹಿಡಿದು ಕೂತಿದ್ದಳು. ಬುಟ್ಟಿಯನ್ನು ಮಡಿಲಿಗೆ ಎಳೆದುಕೊಂಡಳು. ನನಗೆ ಮಾತು ಬರುತ್ತಿದ್ದರೆ ನಡು ಹೊಳೆಯಲ್ಲೇ ಅವನ ಮಾನ ಹರಾಜು ಹಾಕುತ್ತಿದ್ದೆ!

ಆಮೇಲಿನ ಐದು ವರ್ಷಗಳಲ್ಲಿ ನನ್ನ ತುಟಿಗಳು ಸುಟ್ಟು ಗುಳಿಬಿದ್ದವು. ಮುತ್ತಕ್ಕನೇ ಹೊಸದನ್ನು ಕೂರಿಸಿ, ನನ್ನನ್ನು ಮದುವೆಯ ಕಾಗದದ ಚೂರುಗಳ ಜೊತೆ ಒಂದು ಡಬ್ಬಿಯಲ್ಲಿಟ್ಟು ದೋಣಿಯಲ್ಲೇ ಉಳಿಸಿಕೊಂಡಳು. ಮರುವರ್ಷ ಹೆರಿಯಣ್ಣನ ಕಣ್ಣು ಮಂಜಾಯಿತು. ಕಡವನ್ನು ಹೆಂಡತಿ ನಡೆಸುತ್ತಾಳೆ ಎಂದರೆ ಶೀನ ಪೂಜಾರಿ ಒಪ್ಪಲಿಲ್ಲ.

"ನಡು ಹೊಳಿಯಂಗ್ ಇಂಜಿನ್ ನಿಂತ್ರೆ ಯಾರ್ ಕಾಂಬುದ್?"

ದೋಣಿಯಲ್ಲಿದ್ದವರೆಲ್ಲ ಮುತ್ತಕ್ಕನ ಕಡೆ ತಿರುಗಿದರು. ಹೆರಿಯಣ್ಣ ತಡವರಿಸುತ್ತ ಎದ್ದು ನಿಂತ.

"ಅವತ್ ಸರಿ ಮಾಡದ್ದ್ ನಾನಲ್ಲ, ಇವ್ಳ್. ಎಣ್ಣಿ ಹಚ್ಚಿ ಹಾಳ್ ಮಾಡದ್ದ್ ಮಾತ್ರ ನಾನ್."

ಆರು ವರ್ಷ ಬೇಕಾಯಿತು ಆ ಒಂದು ಮಾತಿಗೆ! ಮುತ್ತಕ್ಕ ಅವನ ಕಡೆ ನೋಡಲಿಲ್ಲ, ಹಗ್ಗ ಎಳೆದಳು. ಇಂಜಿನ್ನು ಒಂದೇ ಎಳೆತಕ್ಕೆ ಹೊರಟಿತು. ಶೀನ ಪೂಜಾರಿ ಕೊಡೆ ಮಡಚಿ ಕೂತುಕೊಂಡ.

ಈ ವರ್ಷದ ಆಯುಧ ಪೂಜೆಗೆ ಹೆರಿಯಣ್ಣ ಮತ್ತೆ ಬತ್ತಿ ಹಿಡಿದು ಇಂಜಿನ್ನಿನ ಮೈ ತಡವುತ್ತ ಬಂದ. ಮುತ್ತಕ್ಕ ಅವನ ಕೈ ಹಿಡಿದು ನಿಲ್ಲಿಸಿದಳು. ಡಬ್ಬಿ ತೆರೆದು ನನ್ನನ್ನು ಅವನ ಅಂಗೈಯಲ್ಲಿಟ್ಟಳು.

"ಇದಕ್ಕೆ ಹಚ್ಚಿ. ಈಗ ಅಡ್ಡಿಲ್ಲೆ."

ಅವನು ಬೆರಳಿನಿಂದ ನನ್ನ ಸುಟ್ಟ ತುಟಿಗಳನ್ನು ಹುಡುಕಿ ಮೆಲ್ಲಗೆ ಬಳಿದ. ಬೈಯಬೇಕೆಂದುಕೊಂಡೆ. ಎಣ್ಣೆ ತಂಪಾಗಿತ್ತು.